ಮುಳ್ಳು 27ಕ್ಕೆ ನಿಂತರೆ ಸಾಲದು

ಸ್ಪ್ಲಿಟ್ ಎ.ಸಿ. ಜೋಡಿಸಿ ಔಟ್‌ಡೋರ್‌ನ ವಾಲ್ವ್ ತೆರೆಯುವ ಮೊದಲು ಕೊಳವೆಯೊಳಗಿನ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ಆಗ ಒತ್ತಡ ತೋರಿಸುವ ನೀಲಿ ಗೇಜಿನ ಮುಳ್ಳು ಸೊನ್ನೆಗಿಂತ ಕೆಳಗಿಳಿದು ಪಾದರಸದ 30 ಇಂಚಿನ ಹತ್ತಿರ ನಿಲ್ಲಬೇಕು ಎಂದು ಪಾಠದಲ್ಲಿರುತ್ತದೆ. ಬೆಂಗಳೂರಿನಲ್ಲಿ ಅದು 27ರ ಹತ್ತಿರವೇ ನಿಂತುಬಿಡುತ್ತದೆ. ಎಷ್ಟು ಹೊತ್ತು ಕಾದರೂ ಮುಂದೆ ಹೋಗದು. ಪಂಪ್ ಕೆಟ್ಟಿರುವುದಿಲ್ಲ. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಭಾರವೇ 27 ಇಂಚಿನಷ್ಟು. ಗೇಜ್ ತೋರಿಸುವುದು ಹೊರಗಿನ ಒತ್ತಡಕ್ಕೂ ಒಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ. ಹೊರಗೇ 27 ಇದ್ದಮೇಲೆ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಎಲ್ಲಿಂದ ಬಂದೀತು?

ಇದನ್ನು ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಡಬೇಕು. ಏಕೆಂದರೆ ಇದರ ಬೆನ್ನಿಗೇ ಇನ್ನೂ ದೊಡ್ಡ ವಿಷಯವೊಂದಿದೆ: ಆ ಮುಳ್ಳನ್ನು ನೋಡಿ ವ್ಯಾಕ್ಯೂಮ್ ಆಯಿತೆಂದು ಹೇಳಲು ಬರುವುದಿಲ್ಲ. ಆಳವಾದ ವ್ಯಾಕ್ಯೂಮನ್ನು ಅಳೆಯುವುದು ಮೈಕ್ರಾನಿನಲ್ಲಿ, ಪಾದರಸದ ಒಂದು ಮಿಲಿಮೀಟರ್ ಎಂದರೆ 1000 ಮೈಕ್ರಾನ್. ಕೆಲಸ ಸರಿಯಾಗಿದೆ ಎನ್ನಬೇಕಾದರೆ 500 ಮೈಕ್ರಾನಿಗಿಂತ ಕೆಳಗಿಳಿಯಬೇಕು. 5000ಕ್ಕೂ 500ಕ್ಕೂ ನಡುವಿನ ಅಂತರ ಗೇಜಿನ ಮೇಲೆ ಒಂದು ಇಂಚಿನ ಐದನೇ ಒಂದು ಭಾಗದಷ್ಟೂ ಇಲ್ಲ. ಮುಳ್ಳಿನ ದಪ್ಪದಲ್ಲೇ ಅದು ಮುಚ್ಚಿಹೋಗುತ್ತದೆ. ಹಾಗಾಗಿ ಡಿಜಿಟಲ್ ಮೈಕ್ರಾನ್ ಗೇಜ್ ಬೇಕೇ ಬೇಕು. ಅದನ್ನು ಪಂಪಿನ ಬಾಯಿಗೆ ಹಾಕದೆ, ಪಂಪಿನಿಂದ ದೂರದಲ್ಲಿ, ಯಂತ್ರದ ಕಡೆಗೆ ಜೋಡಿಸಬೇಕು. ಪಂಪಿನ ಬಾಯಲ್ಲಿ ಎಂದೂ ಒಳ್ಳೆಯ ಸಂಖ್ಯೆಯೇ ಕಾಣುತ್ತದೆ.

ಇಷ್ಟು ಆಳ ಯಾಕೆ ಬೇಕು? 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಸುಮಾರು 17,500 ಮೈಕ್ರಾನಿನಲ್ಲೇ ಕುದಿಯುತ್ತದೆ, ಅಲ್ಲಿಗೆ ನಿಲ್ಲಿಸಬಾರದೇ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಕುದಿಯುವ ಹನಿ ತನ್ನ ಶಾಖವನ್ನೇ ಕಳೆದುಕೊಂಡು ತಣ್ಣಗಾಗುತ್ತದೆ, ಕೆಲವೊಮ್ಮೆ ಮಂಜುಗಡ್ಡೆಯಾಗಿ ಕೊಳವೆಗೆ ಅಂಟಿಕೊಳ್ಳುತ್ತದೆ. ಎಣ್ಣೆಯಲ್ಲಿ ಕರಗಿದ ತೇವವಂತೂ ಬಹಳ ನಿಧಾನಕ್ಕೆ ಹೊರಬರುತ್ತದೆ. ಆರ್-410ಎ ಮತ್ತು ಆರ್-32 ಎಂಬ ತಂಪುಗ್ಯಾಸುಗಳ ಯಂತ್ರಗಳಲ್ಲಿರುವ ಪಾಲಿಯೋಲ್ ಎಸ್ಟರ್ ಎಣ್ಣೆ ಗಾಳಿಯ ತೇವವನ್ನು ತಾನಾಗಿ ಹೀರುವ ಜಾತಿಯದು. ಹಳೆಯ ಆರ್-22ರ ಖನಿಜ ತೈಲಕ್ಕೆ ಈ ಗುಣ ಅಷ್ಟಿರಲಿಲ್ಲ. ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ, ಆಮ್ಲ ಕಂಪ್ರೆಸರ್‌ನ ವೈಂಡಿಂಗ್ ತಿನ್ನುತ್ತದೆ. ಕಂಪ್ರೆಸರ್ ಸುಟ್ಟಾಗ ಎಲ್ಲರೂ ವೋಲ್ಟೇಜನ್ನು ದೂರುತ್ತಾರೆ. ಅದರ ಬೀಜ ಎಷ್ಟೋ ಸಲ ಜೋಡಿಸಿದ ದಿನವೇ ಬಿದ್ದಿರುತ್ತದೆ.

ಪಂಪ್ 500ರ ಕೆಳಗೆ ತಂದಮೇಲೆ ಪಂಪಿನ ಕಡೆಯ ವಾಲ್ವ್ ಮುಚ್ಚಿ ಹತ್ತು ನಿಮಿಷ ಸುಮ್ಮನೆ ನೋಡುವುದೂ ಪಾಠವೇ. ಸಂಖ್ಯೆ ಏರುತ್ತಾ ಏರುತ್ತಾ ನಿಲ್ಲದೇ ಹೋದರೆ ಸೋರಿಕೆ ಇದೆ. ಒಂದೆರಡು ಸಾವಿರಕ್ಕೆ ಏರಿ ಅಲ್ಲೇ ನಿಂತರೆ ಒಳಗಿನ್ನೂ ತೇವ ಇದೆ: ಒಣ ನೈಟ್ರೋಜನ್ ಬಿಟ್ಟು ವ್ಯಾಕ್ಯೂಮ್ ಒಡೆದು ಮತ್ತೆ ಎಳೆಯಬೇಕು. ಪಂಪಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಮೊದಲು ಅದನ್ನು ಬದಲಿಸಬೇಕು. ತೇವ ತುಂಬಿದ ಎಣ್ಣೆಯ ಪಂಪ್ ಇಡೀ ದಿನ ಓಡಿದರೂ 500 ಮುಟ್ಟುವುದಿಲ್ಲ.

ಇದಕ್ಕೆಲ್ಲ ಹಿಡಿಯುವ ಅರ್ಧ ಗಂಟೆ ಉಳಿಸಲು ನಮ್ಮಲ್ಲಿ ರೂಢಿಯಾಗಿರುವುದು ಗ್ಯಾಸ್ ಹೊಡೆದು ಗಾಳಿ ತಳ್ಳುವ ವಿಧಾನ. ಸಣ್ಣ ಪೈಪಿನ ವಾಲ್ವ್ ಚೂರು ತೆರೆದು, ದಪ್ಪ ಪೈಪಿನ ಕಡೆಯಿಂದ ಕೆಲವು ಸೆಕೆಂಡು ಬುಸ್ಸೆಂದು ಹೊರಗೆ ಬಿಟ್ಟರೆ ಮುಗಿಯಿತು. ಗಾಳಿಯೇನೋ ಬಹುಪಾಲು ಹೋಗುತ್ತದೆ, ತೇವ ಉಳಿಯುತ್ತದೆ, ಗ್ಯಾಸಿನ ತೂಕ ತಪ್ಪುತ್ತದೆ. ಹೋದ ಗ್ಯಾಸ್ ಸಣ್ಣ ವಿಷಯವೂ ಅಲ್ಲ. ಒಂದು ಕಿಲೋ ಆರ್-410ಎ ವಾತಾವರಣವನ್ನು ಬಿಸಿಮಾಡುವ ಲೆಕ್ಕದಲ್ಲಿ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-22 ಸುಮಾರು 1.8 ಟನ್, ಅದರ ಜೊತೆಗೆ ಓಝೋನ್ ಪದರಕ್ಕೂ ಹಾನಿ. ಆರ್-32 ಆದರೆ 675 ಕಿಲೋ.

ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ದ್ರವವಾಗಿ, ಅನಿಲವಾಗಿ ಅದೇ ಸುತ್ತುತ್ತಿರುತ್ತದೆ. ‘ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಬೇಕು’ ಎಂಬ ಮಾತಿನ ಅರ್ಥ ಒಂದೇ, ವರ್ಷಕ್ಕೊಮ್ಮೆ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಟಾಪ್ ಅಪ್ ಮಾಡುವುದನ್ನು ತರಬೇತಿ ಕೇಂದ್ರದಲ್ಲಿ ತಪ್ಪೆಂದೇ ಎಣಿಸಬೇಕು. ಆರ್-410ಎ ಎರಡು ಅನಿಲಗಳ ಮಿಶ್ರಣ, ಸಿಲಿಂಡರಿನಿಂದ ಅದನ್ನು ದ್ರವವಾಗಿಯೇ, ನಿಧಾನಕ್ಕೆ, ತೂಕದ ಯಂತ್ರದ ಮೇಲಿಟ್ಟು ತುಂಬಬೇಕು. ಎಷ್ಟು ಗ್ರಾಂ ಎಂಬುದು ಔಟ್‌ಡೋರ್‌ನ ಫಲಕದಲ್ಲಿ ಬರೆದಿರುತ್ತದೆ. ಪೈಪ್ ತಣ್ಣಗಾಯಿತು, ಬೆವರಿತು ಎಂದು ಕೈಯಿಂದ ಮುಟ್ಟಿ ನಿರ್ಧರಿಸುವ ಕಾಲ ಮುಗಿದಿದೆ.

ಸೋರಿಕೆ ಹುಡುಕಲು ಕೊಳವೆಗೆ ಒತ್ತಡದಲ್ಲಿ ತುಂಬುವ ನೈಟ್ರೋಜನ್, ಸೋಪಿನ ನೊರೆ ಮತ್ತು ತಾಳ್ಮೆ ಸಾಕು. ನೈಟ್ರೋಜನ್ ಸಿಲಿಂಡರಿನೊಳಗೆ ಸುಮಾರು 150 ಬಾರ್ ಇರುವುದರಿಂದ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ಮುಟ್ಟುವಂತಿಲ್ಲ. ನೈಟ್ರೋಜನ್ ಸಿಗಲಿಲ್ಲವೆಂದು ವೆಲ್ಡಿಂಗ್ ಸೆಟ್ಟಿನ ಆಮ್ಲಜನಕ ಬಿಟ್ಟರೆ ಒಳಗಿನ ಎಣ್ಣೆ ಸ್ಫೋಟಿಸುತ್ತದೆ. ಈ ಒಂದು ತಪ್ಪು ಜೀವ ತೆಗೆಯುತ್ತದೆ. ಬಹಳಷ್ಟು ಸೋರಿಕೆ ಸಿಗುವುದು ಫ್ಲೇರ್ ನಟ್ಟಿನಲ್ಲಿ, ಅಂದರೆ ಪೈಪಿನ ಅಗಲಿಸಿದ ತುದಿಯನ್ನು (ಫ್ಲೇರ್) ಒತ್ತಿ ಹಿಡಿಯುವ ನಟ್ಟಿನಲ್ಲಿ. ಅದನ್ನು ಅಳತೆಯಿಟ್ಟು ಬಿಗಿಯಬೇಕು: ಕಾಲು ಇಂಚಿನ ಪೈಪಿಗೆ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 49ರಿಂದ 61. ಸ್ಪ್ಯಾನರ್ ಹಾಕಿ ಬಲವಿದ್ದಷ್ಟು ತಿರುಗಿಸಿದರೆ ಫ್ಲೇರ್ ತೆಳುವಾಗಿ ಸೀಳುತ್ತದೆ. ಕೊಳಚೆ ಹರಿಯುವ ರಾಜಕಾಲುವೆಯ ಪಕ್ಕದ ಮನೆಗಳಲ್ಲಿ ಇಂಡೋರ್ ಕಾಯಿಲನ್ನೂ ಗಮನಿಸಬೇಕು. ಕೊಳಚೆಯಿಂದೇಳುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸಿ ಕೊರೆಯುತ್ತದೆ.

ಐಸೋಬ್ಯೂಟೇನ್, ಅಂದರೆ ಆರ್-600ಎ ತುಂಬಿದ ಫ್ರಿಜ್ಜಿನ ಕಥೆಯೇ ಬೇರೆ. ಅದರ ತಂಪುಕೊಳವೆ ಓಡುವಾಗ ಸುಮಾರು 0.7 ಬಾರ್‌ನಲ್ಲಿರುತ್ತದೆ, ಬೆಂಗಳೂರಿನ ಹೊರಗಾಳಿ ಸುಮಾರು 0.9 ಬಾರ್. ತೂತಿದ್ದರೆ ಗ್ಯಾಸ್ ಹೊರಬರುವ ಬದಲು ಗಾಳಿಯೇ ಒಳಗೆ ಹೋಗುತ್ತದೆ. ಓಡುತ್ತಿರುವ ಫ್ರಿಜ್ಜಿಗೆ ನೊರೆ ಹಚ್ಚಿ ಗುಳ್ಳೆಗಾಗಿ ಕಾದರೆ ಏನೂ ಕಾಣದು.

ಬ್ರೇಜಿಂಗ್, ಅಂದರೆ ಬೇರೆ ಲೋಹ ಕರಗಿಸಿ ಪೈಪುಗಳನ್ನು ಬೆಸೆಯುವುದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಆಗುವ ಹಾನಿ ಕಣ್ಣಿಗೆ ಬೀಳುವುದಿಲ್ಲ. ತಾಮ್ರದ ಪೈಪನ್ನು ಕೆಂಪಗೆ ಕಾಯಿಸಿದಾಗ ಒಳಗಿನ ಗಾಳಿಯ ಆಮ್ಲಜನಕ ಸೇರಿ ಒಳಮೈ ಮೇಲೆ ಕಪ್ಪು ಹೊಪ್ಪಳೆ ಏಳುತ್ತದೆ. ಹೊರಗಿನಿಂದ ಜೋಡಣೆ ಚಿನ್ನದಂತೆ ಕಾಣುತ್ತಿರುತ್ತದೆ. ಆಮೇಲೆ ಎಣ್ಣೆ ಮತ್ತು ಗ್ಯಾಸ್ ಆ ಹೊಪ್ಪಳೆಯನ್ನು ತೊಳೆದುಕೊಂಡು ಹೋಗಿ ಕೂದಲೆಳೆಯಂಥ ಕ್ಯಾಪಿಲರಿ ಕೊಳವೆಯ ಬಾಯಲ್ಲಿ ಕೂರಿಸುತ್ತವೆ. ಕಾಯಿಸುವಾಗ ಪೈಪಿನೊಳಗೆ ಎರಡು ಮೂರು ಪಿಎಸ್‌ಐನಷ್ಟು ನೈಟ್ರೋಜನ್ ಮೆಲ್ಲಗೆ ಹರಿಯುತ್ತಿದ್ದರೆ, ಜೋಡಣೆ ಆರುವವರೆಗೂ ನಿಲ್ಲಿಸದಿದ್ದರೆ, ಇದು ಆಗುವುದೇ ಇಲ್ಲ. ಇನ್ನೊಂದು ತುದಿ ತೆರೆದಿರಬೇಕು. ಹೆಚ್ಚು ಒತ್ತಡ ಕೊಟ್ಟರೆ ಕರಗಿದ ಲೋಹದಲ್ಲಿ ಸೂಜಿತೂತು ಬೀಳುತ್ತದೆ. ಇದನ್ನು ಪರೀಕ್ಷಿಸಲು ಪ್ರಶ್ನೆಪತ್ರಿಕೆ ಬೇಕಿಲ್ಲ. ವಿದ್ಯಾರ್ಥಿ ಮಾಡಿದ ಜೋಡಣೆಯನ್ನು ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿ ಅವನ ಕೈಗೇ ಕೊಡಬೇಕು. ಒಳಗೆ ತಾಮ್ರ ಹೊಳೆಯುತ್ತಿದ್ದರೆ ಅಂಕ, ಕಪ್ಪಾಗಿದ್ದರೆ ಇನ್ನೊಮ್ಮೆ.

ಗ್ಯಾಸ್ ಮರಳಿ ಹಿಡಿಯುವ ಪಾಠಕ್ಕೂ ಇದೇ ರೀತಿ ಸಲ್ಲುತ್ತದೆ. ಯಂತ್ರದಲ್ಲಿ 800 ಗ್ರಾಂ ತುಂಬಿ ವಿದ್ಯಾರ್ಥಿಗೆ ಒಪ್ಪಿಸಿ, ರಿಕವರಿ ಯಂತ್ರದಿಂದ ಅವನು ಸಿಲಿಂಡರಿಗೆ ಎಷ್ಟು ಗ್ರಾಂ ವಾಪಸ್ ತಂದ ಎಂದು ತೂಗಬೇಕು. ಸಿಲಿಂಡರ್ ಶೇ 80ಕ್ಕಿಂತ ಹೆಚ್ಚು ತುಂಬಿದರೂ ಅನುತ್ತೀರ್ಣ. ಬಿಸಿಲಿಗೆ ದ್ರವ ಹಿಗ್ಗಿದಾಗ ಜಾಗವಿಲ್ಲದಿದ್ದರೆ ಸಿಲಿಂಡರ್ ಒಡೆಯುತ್ತದೆ. ಒಂದೊಂದು ಗ್ಯಾಸಿಗೆ ಒಂದೊಂದು ಸಿಲಿಂಡರ್. ಬೆರೆತುಹೋದದ್ದು ಮತ್ತೆ ಉಪಯೋಗಕ್ಕೆ ಬಾರದು.

ಭಾರತ 2021ರಲ್ಲಿ ವಾತಾವರಣ ಬಿಸಿಮಾಡುವ ಗ್ಯಾಸುಗಳನ್ನು ಇಳಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯನ್ನು ಒಪ್ಪಿಕೊಂಡಿದೆ. ಅದರಂತೆ 2032ರಿಂದ ಎಚ್‌ಎಫ್‌ಸಿ (ಆರ್-410ಎ, ಆರ್-32ರಂಥ ಗ್ಯಾಸುಗಳ) ಬಳಕೆ ಇಳಿಯುತ್ತಾ 2047ಕ್ಕೆ ಶೇ 85ರಷ್ಟು ಕಡಿಮೆಯಾಗಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಈಗ ಐಟಿಐ ಸೇರುವ ಹುಡುಗನಿಗೆ ಆಗ ನಲವತ್ತು ತುಂಬಿರುವುದಿಲ್ಲ. ಅವನ ಕೈಗೆ ಬರುವವು ಉರಿಯುವ ಗ್ಯಾಸುಗಳು. ಪ್ರೊಪೇನ್, ಅಂದರೆ ಆರ್-290, ಗಾಳಿಯಲ್ಲಿ ಶೇ 2.1ರಷ್ಟಿದ್ದರೆ ಹೊತ್ತಿಕೊಳ್ಳಬಲ್ಲದು. ಹತ್ತಡಿಗೆ ಹತ್ತಡಿಯ ಕೋಣೆಯಲ್ಲಿ 300 ಗ್ರಾಂ ಎಲ್ಲೆಡೆ ಸಮವಾಗಿ ಹರಡಿದರೆ ಅಪಾಯದ ಮಟ್ಟ ಮುಟ್ಟದು. ಆದರೆ ಅದು ಗಾಳಿಗಿಂತ ಭಾರ. ಮೊಣಕಾಲಿನ ಎತ್ತರಕ್ಕೆ ನೆಲದ ಮೇಲೆ ಮಲಗಿದರೆ ಆ ಪದರ ಹೊತ್ತಿಕೊಳ್ಳಲು ಸಾಕಾಗಿ ಮಿಗುತ್ತದೆ, ನೆಲದಲ್ಲಿಟ್ಟ ಎಕ್ಸ್‌ಟೆನ್ಷನ್ ಬೋರ್ಡಿನ ಕಿಡಿಯೇ ಸಾಕು. ಗ್ಯಾಸ್ ತೆಗೆದು, ನೈಟ್ರೋಜನ್‌ನಿಂದ ತೊಳೆದು, ಜ್ವಾಲೆಯ ಬದಲು ಟ್ಯೂಬ್ ಕಟರ್‌ನಿಂದ ಪೈಪ್ ಕತ್ತರಿಸುವ ಅಭ್ಯಾಸ ಕೈಗೆ ಈಗಲೇ ಆಗಬೇಕು. ಹಳೆಯ ಆರ್-22 ಯಂತ್ರಕ್ಕೆ ಅಡುಗೆ ಗ್ಯಾಸ್ ಅಥವಾ ಪ್ರೊಪೇನ್ ತುಂಬಬಾರದೆಂಬುದೂ ಇದೇ ಪಾಠದ ಭಾಗ. ಅದರ ಸ್ವಿಚ್ಚು, ರಿಲೇಗಳನ್ನು ಉರಿಯುವ ಗ್ಯಾಸಿಗೆಂದು ಮಾಡಿರುವುದಿಲ್ಲ.

ನಗರದ ಮೆಕ್ಯಾನಿಕ್‌ಗಳಲ್ಲಿ ಅನೇಕರು ಐಟಿಐ ಮೆಟ್ಟಿಲು ಹತ್ತಿದವರಲ್ಲ, ಅಂಗಡಿಯಲ್ಲಿ ಮೇಸ್ತ್ರಿಯ ಜೊತೆ ಓಡಾಡಿ ಕಲಿತವರು. ಐಟಿಐಯಿಂದ ಬಂದ ಹುಡುಗನೂ ಅವರ ಕೆಳಗೇ ದುಡಿಯಬೇಕು. ಮೇಸ್ತ್ರಿ ‘ಅದೆಲ್ಲಾ ಬೇಡ, ಟೈಮಿಲ್ಲ’ ಎಂದರೆ ಕಲಿತದ್ದು ಒಂದೇ ತಿಂಗಳಲ್ಲಿ ಮರೆಯುತ್ತದೆ. ಆದ್ದರಿಂದ ಮೇಸ್ತ್ರಿಗಳಿಗೂ ಕಿರು ತರಬೇತಿ ಬೇಕು. ಮಾರ್ಚ್‌ನಿಂದ ಮೇವರೆಗಿನ ಸೀಸನ್ ಬಿಟ್ಟು ಮಳೆಗಾಲದಲ್ಲಿ ಇಟ್ಟರೆ ಅವರು ಬರುತ್ತಾರೆ. ದೊಡ್ಡ ನೈಟ್ರೋಜನ್ ಸಿಲಿಂಡರನ್ನು ಐದನೇ ಮಹಡಿಯ ಡಕ್ಟಿಗೆ ಹೊರುವುದು ಆಗದ ಮಾತು ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ. ಒಂದೆರಡು ಲೀಟರಿನ ಕೈಸಿಲಿಂಡರಿನಿಂದಲೇ ಅಭ್ಯಾಸ ಮಾಡಿಸಬೇಕು, ಬ್ರೇಜಿಂಗಿಗೂ ಒಂದು ಸ್ಪ್ಲಿಟ್‌ನ ಸೋರಿಕೆ ಪರೀಕ್ಷೆಗೂ ಅದು ಸಾಲುತ್ತದೆ.

ಪ್ರತಿ ಅಭ್ಯಾಸದ ಕೊನೆಗೆ ವಿದ್ಯಾರ್ಥಿ ಔಟ್‌ಡೋರ್‌ನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಲಿ: ಗ್ಯಾಸಿನ ಹೆಸರು, ತುಂಬಿದ ಗ್ರಾಂ, ಹತ್ತು ನಿಮಿಷದ ನಂತರ ಮೈಕ್ರಾನ್ ಗೇಜ್ ತೋರಿಸಿದ ಸಂಖ್ಯೆ, ದಿನಾಂಕ. ಎರಡು ವರ್ಷದ ಮೇಲೆ ಬಂದ ಇನ್ನೊಬ್ಬ ಮೆಕ್ಯಾನಿಕ್ ಗ್ಯಾಸ್ ಮರಳಿ ಹಿಡಿದು ತೂಗಿದಾಗ, ಎಷ್ಟು ಸೋರಿದೆ ಎಂಬುದು ಆ ಚೀಟಿಯಿಂದಲೇ ಗೊತ್ತಾಗುತ್ತದೆ.