ಅಸೆಸ್ಡ್ ವ್ಯಾಲ್ಯೂ: ಲೇಕ್ ಕೌಂಟಿಯ ಮನೆ ತೆರಿಗೆ ಹುಟ್ಟುವುದು ಎಲ್ಲಿಂದ?

ಷಿಕಾಗೋದಿಂದ ಉತ್ತರಕ್ಕೆ, ಮಿಶಿಗನ್ ಸರೋವರದ ದಡ ಹಿಡಿದು ವಿಸ್ಕಾನ್ಸಿನ್ ಗಡಿಯವರೆಗೂ ಹಬ್ಬಿರುವುದು ಇಲಿನಾಯ್‌ನ ಲೇಕ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ). 2020ರ ಜನಗಣತಿಯಲ್ಲಿ 7 ಲಕ್ಷ ದಾಟಿದ ಜನ. ಔಷಧಿ ಕಂಪನಿಗಳು, ಐಟಿ ಕೆಲಸ, ಒಳ್ಳೆಯ ಶಾಲೆ ಅಂತ ಬಂದ ಕನ್ನಡಿಗರೂ ವರ್ನನ್ ಹಿಲ್ಸ್, ಬಫಲೋ ಗ್ರೋವ್ ಕಡೆ ಇದ್ದಾರೆ. ಇಲ್ಲಿ ಮನೆ ಕೊಂಡವರಿಗೆ ಟೌನ್‌ಶಿಪ್ ಅಸೆಸರ್, ಅಂದರೆ ತೆರಿಗೆಗಾಗಿ ಮನೆಗಳ ಬೆಲೆ ಕಟ್ಟುವ ಸ್ಥಳೀಯ ಅಧಿಕಾರಿ, ಹಾಕಿದ ಅಂಕಿಯ ಒಂದು ನೋಟಿಸ್ ಬರುತ್ತದೆ. 4,50,000 ಡಾಲರ್ ಕೊಟ್ಟು ಕೊಂಡ ಮನೆಗೆ ಅದರಲ್ಲಿ 1,50,000 ಅಂತ ಬರೆದಿರುತ್ತದೆ. ಹೊಸಬರು ಮೊದಲು ಗಾಬರಿ ಬೀಳುತ್ತಾರೆ, ಆಮೇಲೆ ತೆರಿಗೆ ಕಡಿಮೆ ಬರುತ್ತೆ ಅಂತ ಖುಷಿ ಪಡುತ್ತಾರೆ. ಎರಡೂ ಬೇಕಿಲ್ಲ.

ಆ ಅಂಕಿಯೇ ಅಸೆಸ್ಡ್ ವ್ಯಾಲ್ಯೂ. ಇಲಿನಾಯ್ ಕಾನೂನಿನ ಪ್ರಕಾರ ಅದು ಮಾರುಕಟ್ಟೆ ಬೆಲೆಯ ಮೂರನೇ ಒಂದು ಭಾಗ. ಪಕ್ಕದ ಕುಕ್ ಕೌಂಟಿಯಲ್ಲಿ ಮಾತ್ರ ವಾಸದ ಮನೆಗೆ 10%, ಹಾಗಾಗಿ ಷಿಕಾಗೋ ಗೆಳೆಯರ ನೋಟಿಸ್ ಜೊತೆ ನಿಮ್ಮದನ್ನು ಹೋಲಿಸಿದರೆ ತಲೆ ಕೆಡುತ್ತದೆ ಅಷ್ಟೇ. ಮಾರುಕಟ್ಟೆ ಬೆಲೆ ಅಂದರೂ ಇವತ್ತಿನ ಬೆಲೆ ಅಲ್ಲ. ಜನವರಿ 1ಕ್ಕೆ ಹಿಂದಿನ 3 ವರ್ಷಗಳಲ್ಲಿ ಸುತ್ತಮುತ್ತ ನಡೆದ ಮಾರಾಟಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಬೆಲೆ ದಿಢೀರ್ ಏರಿದಾಗ ನೋಟಿಸ್ ನಿಧಾನಕ್ಕೆ ಹಿಂದೆ ಬರುತ್ತದೆ, ಬೆಲೆ ನಿಂತ ಮೇಲೂ ಒಂದೆರಡು ವರ್ಷ ಏರುತ್ತಲೇ ಇರುತ್ತದೆ. ಜನ ಬೈಯುವುದು ಆಗ.

ಬೆಂಗಳೂರಲ್ಲಿ ಸೈಟೋ ಮನೆಯೋ ಇದ್ದವರು ಇದನ್ನು ಗೈಡೆನ್ಸ್ ವ್ಯಾಲ್ಯೂ ಥರ ಅಂದುಕೊಳ್ಳುತ್ತಾರೆ. ಅದು ನೋಂದಣಿ ಮಾಡಿಸುವಾಗ ಸ್ಟಾಂಪ್ ಡ್ಯೂಟಿ ಲೆಕ್ಕಕ್ಕೆ ಬರುವ ಕನಿಷ್ಠ ಬೆಲೆ. ಲೇಕ್ ಕೌಂಟಿಯ ಅಸೆಸ್ಡ್ ವ್ಯಾಲ್ಯೂಗೆ ಕೆಲಸವೇ ಬೇರೆ: ಒಟ್ಟು ತೆರಿಗೆಯಲ್ಲಿ ನಿಮ್ಮ ಪಾಲು ಎಷ್ಟು ಅಂತ ಹೇಳುವುದು.

ಊರ ಹಬ್ಬಕ್ಕೆ ವಂತಿಗೆ ಎತ್ತುವುದನ್ನು ನೆನೆಸಿಕೊಳ್ಳಿ. ಮೊದಲು ಖರ್ಚು ಎಷ್ಟು ಅಂತ ತೀರ್ಮಾನ ಆಗುತ್ತದೆ, ಆಮೇಲೆ ಅವರವರ ಜಮೀನಿಗೆ ತಕ್ಕಂತೆ ಮನೆಗಿಷ್ಟು ಅಂತ ಹಂಚುತ್ತಾರೆ. ಎಲ್ಲರ ಜಮೀನಿನ ಬೆಲೆಯೂ ಒಟ್ಟಿಗೆ ದುಪ್ಪಟ್ಟಾದರೆ ಯಾರ ವಂತಿಗೆಯೂ ಬದಲಾಗಲ್ಲ, ಅಲ್ವಾ? ಇಲ್ಲೂ ಶಾಲಾ ಡಿಸ್ಟ್ರಿಕ್ಟ್ (ಶಾಲೆ ನಡೆಸುವ ಸ್ಥಳೀಯ ಸಂಸ್ಥೆ), ವಿಲೇಜ್ (ಊರಿನ ಆಡಳಿತ), ಪಾರ್ಕ್ ಡಿಸ್ಟ್ರಿಕ್ಟ್, ಲೈಬ್ರರಿ, ಅಗ್ನಿಶಾಮಕ, ಅರಣ್ಯ ಸಂರಕ್ಷಣೆ, ಕೌಂಟಿ ಎಲ್ಲವೂ ತಮಗೆ ಈ ವರ್ಷ ಇಷ್ಟು ದುಡ್ಡು ಬೇಕು ಅಂತ ಮೊದಲೇ ಹೇಳುತ್ತವೆ. ಅದಕ್ಕೆ ಲೆವಿ ಅನ್ನುತ್ತಾರೆ. ಅದನ್ನು ಎಲ್ಲ ಮನೆ, ಅಂಗಡಿ, ಕಾರ್ಖಾನೆಗಳ ಅಸೆಸ್ಡ್ ವ್ಯಾಲ್ಯೂ ಮೊತ್ತದಿಂದ ಭಾಗಿಸಿದರೆ ತೆರಿಗೆ ದರ. ಅಂದರೆ ದರ ಯಾರೋ ಕೂತು ನಿಗದಿ ಮಾಡಿದ್ದಲ್ಲ, ಭಾಗಾಕಾರದಲ್ಲಿ ಬಂದ ಉತ್ತರ.

ಹಾಗಂತ ಲೆವಿಯನ್ನು ಬೇಕಾದಷ್ಟು ಏರಿಸುವಂತಿಲ್ಲ. 1991ರಿಂದ ಇಲ್ಲಿನ ಬಹುತೇಕ ಸಂಸ್ಥೆಗಳಿಗೆ ಟ್ಯಾಕ್ಸ್ ಕ್ಯಾಪ್ ಕಾನೂನು ಇದೆ. ಹಣದುಬ್ಬರ ಅಥವಾ 5%, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಏರಿಕೆ. ಹೊಸ ಕಟ್ಟಡಗಳ ಪಾಲು ಇದರ ಹೊರಗೆ, ಮತದಾರರು ಒಪ್ಪಿದರೆ ಇನ್ನೂ ಜಾಸ್ತಿ ಎತ್ತಬಹುದು. ಮನೆ ಬೆಲೆ 15% ಏರಿದರೆ ತೆರಿಗೆಯೂ 15% ಏರುತ್ತೆ ಅನ್ನುವ ಹೆದರಿಕೆ ಇದರಿಂದಲೇ ಸುಳ್ಳು. ನಿಮ್ಮ ಮನೆಯೊಂದೇ ಅಕ್ಕಪಕ್ಕದವರಿಗಿಂತ ಜಾಸ್ತಿ ಏರಿದ್ದರೆ ಮಾತ್ರ ಚಿಂತೆ ಮಾಡಬೇಕು.

ಈ ಭಾಗಾಕಾರ ಹೇಗೆ ಕೈಕೊಡುತ್ತದೆ ಅಂತ ನೋಡಬೇಕಾದರೆ ಸರೋವರದ ದಡದ ಜಯಾನ್‌ಗೆ ಹೋಗಬೇಕು. 1901ರಲ್ಲಿ ಜಾನ್ ಅಲೆಕ್ಸಾಂಡರ್ ಡೌವೀ ಎಂಬ ಧರ್ಮಬೋಧಕ ಕಟ್ಟಿದ ಊರು ಅದು. ಬೀದಿಗಳಿಗೆ ಈಗಲೂ ಬೈಬಲ್‌ನ ಹೆಸರುಗಳಿವೆ. 1970ರ ದಶಕದಲ್ಲಿ ಅಲ್ಲಿ ಅಣುಸ್ಥಾವರ ಶುರುವಾಯಿತು. ಊರಿನ ತೆರಿಗೆಯ ದೊಡ್ಡ ಪಾಲನ್ನು ಅದೊಂದೇ ಕಟ್ಟುತ್ತಿತ್ತು. 1998ರಲ್ಲಿ ಸ್ಥಾವರ ಮುಚ್ಚಿತು. ಶಾಲೆಯ ಖರ್ಚು ಮುಚ್ಚಲಿಲ್ಲ, ಪೊಲೀಸರ ಸಂಬಳ ಮುಚ್ಚಲಿಲ್ಲ. ಭಾಗಿಸುವ ಮೊತ್ತ ಕುಸಿದಾಗ ದರ ಜಿಗಿಯಿತು, ಆ ಭಾರವೆಲ್ಲ ಸಣ್ಣ ಮನೆಗಳ ಮೇಲೆ ಬಿತ್ತು. ದರ ಜಾಸ್ತಿ ಅಂತ ಕೊಳ್ಳುವವರು ಹಿಂದೆ ಸರಿದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ದರ ಇನ್ನಷ್ಟು ಏರುತ್ತದೆ. ಬಳಸಿ ಮುಗಿದ ಇಂಧನವಂತೂ ಸೀಲ್ ಮಾಡಿದ ಪೀಪಾಯಿಗಳಲ್ಲಿ ಅದೇ ದಡದಲ್ಲಿ ಕೂತಿದೆ, ಒಯ್ಯಲು ಜಾಗ ಸಿಕ್ಕಿಲ್ಲ. ಅಲ್ಲಿಂದ ದಕ್ಷಿಣಕ್ಕೆ ಅದೇ ದಡದ ಲೇಕ್ ಫಾರೆಸ್ಟ್‌ನಲ್ಲಿ ಬಂಗಲೆಗಳು. ಅಲ್ಲಿ ದರ ಕಡಿಮೆ, ಆದರೆ ಒಬ್ಬೊಬ್ಬರ ಬಿಲ್ಲೂ ದೊಡ್ಡದು. ದರ ಮಾತ್ರ ನೋಡಿ ಊರು ಆರಿಸುವವರಿಗೆ ಇದು ಸುಲಭವಾಗಿ ತಿಳಿಯುವುದಿಲ್ಲ.

ನೀರಿನ ಪಕ್ಕ ಇದ್ದರೆ ಬೆಲೆ ಜಾಸ್ತಿ ಅನ್ನುವುದು ನಿಜ, ಆದರೆ ಯಾವ ನೀರು ಅನ್ನುವುದೂ ಮುಖ್ಯ. ಪಶ್ಚಿಮಕ್ಕೆ ಫಾಕ್ಸ್ ಲೇಕ್, ಆಂಟಿಯಾಕ್ ಕಡೆಯ ಕೆರೆಸಾಲಿನಲ್ಲಿ ಒಂದು ಕಾಲದ ಬೇಸಿಗೆ ಮನೆಗಳೇ ಈಗ ವರ್ಷವಿಡೀ ಇರುವ ಮನೆಗಳಾಗಿವೆ. ದಡಕ್ಕೆ ತಾಗದ ಮನೆಗೂ ಮನೆ ಮಾಲೀಕರ ಅಸೋಸಿಯೇಷನ್ ಮೂಲಕ ಬೀಚು, ದೋಣಿ ಇಳಿಸುವ ಜಾಗದ ಹಕ್ಕು ಇದ್ದರೆ ಬೆಲೆ ಬೇರೆಯೇ. ಮಿಶಿಗನ್ ದಡದಲ್ಲಾದರೆ ಎತ್ತರದ ಮಣ್ಣಿನ ದಿಬ್ಬದ ಮೇಲೆ ಮನೆ. 2013ರಲ್ಲಿ ದಾಖಲೆ ಮಟ್ಟಕ್ಕೆ ಇಳಿದಿದ್ದ ನೀರು 2020ಕ್ಕೆ ದಾಖಲೆ ಎತ್ತರದ ಹತ್ತಿರಕ್ಕೇ ಏರಿತು. ಅಲೆ ದಿಬ್ಬದ ಬುಡ ತಿಂದರೆ ಅದನ್ನು ಸರಿಪಡಿಸುವ ಖರ್ಚು ಮಾಲೀಕರ ತಲೆಗೆ.

ಮನೆ ಹುಡುಕುವವರು ಎಡವುವ ಜಾಗ ಇನ್ನೊಂದು. ಮಾರಾಟದ ಜಾಹೀರಾತಿನಲ್ಲಿ ಹೋದ ವರ್ಷದ ತೆರಿಗೆ ಇಷ್ಟು ಅಂತ ಇರುತ್ತದಲ್ಲ, ಅದು ನಿಮ್ಮ ತೆರಿಗೆ ಆಗಿರಬೇಕು ಅಂತೇನಿಲ್ಲ. ಇರುವ ಮಾಲೀಕರು ಹಿರಿಯ ನಾಗರಿಕರಾಗಿದ್ದರೆ ಅವರಿಗೆ ರಿಯಾಯಿತಿ ಇರುತ್ತದೆ, ಆದಾಯ ಕಡಿಮೆ ಇದ್ದರೆ ಅಸೆಸ್ಡ್ ವ್ಯಾಲ್ಯೂ ಹಳೆಯ ಅಂಕಿಗೇ ನಿಲ್ಲಿಸುವ ಸೀನಿಯರ್ ಫ್ರೀಜ್ ಕೂಡ ಇದೆ. ಗ್ರೇಟ್ ಲೇಕ್ಸ್ ನೌಕಾನೆಲೆ ಇಲ್ಲೇ ಇರುವುದರಿಂದ ಮಾಜಿ ಸೈನಿಕರೂ ಬಹಳ. 70% ಅಥವಾ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ತೆರಿಗೆ ಬಹುಪಾಲು ಇಲ್ಲವೇ ಇಲ್ಲ. ಮನೆ ನಿಮ್ಮ ಹೆಸರಿಗೆ ಬಂದ ಮೇಲೆ ಅದೆಲ್ಲ ಹೋಗುತ್ತದೆ. ನಿಮಗೆ ಸಿಗುವುದು ಸ್ವಂತ ವಾಸಕ್ಕಿರುವ ಹೋಮ್‌ಸ್ಟೆಡ್ ರಿಯಾಯಿತಿ, 2023ರ ತೆರಿಗೆಯಿಂದ 8,000 ಡಾಲರ್. ಇದನ್ನು ಬಿಲ್ಲಿನಿಂದ ಕಳೆಯುವುದಲ್ಲ, ಅಸೆಸ್ಡ್ ವ್ಯಾಲ್ಯೂನಿಂದ ಕಳೆಯುತ್ತಾರೆ. ಮೇಲಿನ 1,50,000 ಆಗ 1,42,000 ಆಗುತ್ತದೆ, ದರ 8% ಅಂತಿಟ್ಟುಕೊಂಡರೆ ಬಿಲ್ 11,360 ಡಾಲರ್. ರಿಯಾಯಿತಿಯಿಂದ ಉಳಿತಾಯ ಆದದ್ದು 640 ಡಾಲರ್ ಮಾತ್ರ.

ಹೊಸದಾಗಿ ಕಟ್ಟಿದ ಮನೆ ಕೊಂಡವರ ಕಥೆ ಇನ್ನೂ ಮಜಾ. ತೆರಿಗೆ ಒಂದು ವರ್ಷ ತಡವಾಗಿ ಬರುತ್ತದೆ. 2024ರದ್ದನ್ನು 2025ರ ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಕಟ್ಟುವುದು. ಹಾಗಾಗಿ ಮೊದಲ ಬಿಲ್ ಬರೀ ಖಾಲಿ ಸೈಟಿಗೋ, ಕೆಲವೇ ತಿಂಗಳಿಗೋ ಆಗಿರಬಹುದು. ಬ್ಯಾಂಕು ಅದನ್ನೇ ನಂಬಿ ತಿಂಗಳ ಕಂತಿನಲ್ಲಿ ತೆರಿಗೆಗೆ ಸ್ವಲ್ಪ ಎತ್ತಿಡುತ್ತದೆ. ಮರುವರ್ಷ ಪೂರ್ತಿ ಬಿಲ್ ಬಂದಾಗ ಕೊರತೆ ತುಂಬಿಸಲು ಕಂತು ನೂರಾರು ಡಾಲರ್ ಏರುತ್ತದೆ. ಬಡ್ಡಿ ದರ ಏರಿತೇನೋ ಅಂತ ಬ್ಯಾಂಕಿಗೆ ಫೋನ್ ಮಾಡುವವರು ಇವರೇ.

ನೋಟಿಸ್ ಬಂದ ವಾರ ಬೀದಿಯಲ್ಲಿ ಮಾತೇ ಅದು. ಅಸೆಸ್ಡ್ ವ್ಯಾಲ್ಯೂ ಸಾರ್ವಜನಿಕ ದಾಖಲೆ, ಯಾರ ಮನೆಯದನ್ನು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಎದುರುಮನೆಯವರು ಅಡುಗೆಮನೆ ಹೊಸದು ಮಾಡಿಸಿದ್ದು, ಪಕ್ಕದವರು ಬೇಸ್‌ಮೆಂಟ್ ಮುಗಿಸಿದ್ದು, ಎಲ್ಲ ಹೊರಬರುತ್ತದೆ. ಕುತೂಹಲಕ್ಕೆ ನೋಡುವವರೇ ಜಾಸ್ತಿ, ಆದರೆ ಮೇಲ್ಮನವಿಗೆ ಬೇಕಾದ ಸಾಕ್ಷಿಯೂ ಇದೇ. ನಿಮ್ಮದೇ ಮಾದರಿಯ, ಹೆಚ್ಚುಕಡಿಮೆ ಅಷ್ಟೇ ವಯಸ್ಸಿನ ಮೂರ್ನಾಲ್ಕು ಮನೆ ಆರಿಸಿ ಚದರಡಿಗೆ ಎಷ್ಟು ಬೀಳುತ್ತದೆ ಅಂತ ನೋಡಿ. ನಿಮ್ಮದು ಮಾತ್ರ ಎದ್ದು ಕಂಡರೆ ಅಥವಾ ಮೂರು ಬಾತ್‌ರೂಮ್ ಇದ್ದದ್ದನ್ನು ನಾಲ್ಕು ಅಂತ ಬರೆದಿದ್ದರೆ ಮೊದಲು ಅಸೆಸರ್ ಕಚೇರಿಗೆ ಹೇಳಿ, ಆಗದಿದ್ದರೆ ಮೇಲ್ಮನವಿ ಕೇಳುವ ಕೌಂಟಿಯ ಮಂಡಳಿಯಾದ ಬೋರ್ಡ್ ಆಫ್ ರಿವ್ಯೂಗೆ ಅರ್ಜಿ ಹಾಕಿ. ಹೊಸ ಅಂಕಿಗಳು ಪ್ರಕಟವಾದ 30 ದಿನದೊಳಗೆ ಹಾಕಬೇಕು. ಬಿಲ್ ಕೈಗೆ ಬಂದ ಮೇಲೆ ಹೋದರೆ ಆ ವರ್ಷದ ಅವಕಾಶ ಮುಗಿದಿರುತ್ತದೆ.