ಲ್ಯಾಪ್‌ಟಾಪ್‌ಗೆ ವೈಫೈ ಅಡಾಪ್ಟರ್: ಡಬ್ಬಿ ಮೇಲಿನ ನಂಬರ್ ಹೇಳದ ವಿಷಯ

ಲ್ಯಾಪ್‌ಟಾಪ್‌ನ ವೈಫೈ ಕೈಕೊಟ್ಟರೆ ಹೆಚ್ಚಿನವರು ಒಂದು ಯುಎಸ್‌ಬಿ ಅಡಾಪ್ಟರ್ ತರಿಸುತ್ತಾರೆ. ಎಲ್ಲ ಡಬ್ಬಿಗಳ ಮೇಲೂ ದಪ್ಪ ಅಕ್ಷರದಲ್ಲಿ ಒಂದು ನಂಬರ್ ಇರುತ್ತದೆ: ಎನ್150, ಎಸಿ600, ಎಸಿ1200. ನಂಬರ್ ದೊಡ್ಡದಾದಷ್ಟೂ ವೇಗ ಜಾಸ್ತಿ ಅಂದುಕೊಂಡು ಕೊಳ್ಳುತ್ತೇವೆ. ಆದರೆ ಅಡಾಪ್ಟರ್ ಅಂದರೆ ಒಂದು ರೇಡಿಯೊ. ಅದನ್ನು ರೇಡಿಯೊ ಅಂತಲೇ ನೋಡಿ ಆರಿಸಬೇಕು.

ಎಸಿ600 ಅನ್ನೇ ಬಿಡಿಸಿ ನೋಡೋಣ. 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ, ಅಂದರೆ ರೇಡಿಯೊ ಅಲೆಗಳ ಆ ಪಟ್ಟಿಯಲ್ಲಿ, 150 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), 5 ಗಿಗಾಹರ್ಟ್ಸ್‌ನಲ್ಲಿ 433. ಎರಡನ್ನೂ ಕೂಡಿಸಿದರೆ 583. ಅದನ್ನು 600 ಅಂತ ಮಾಡಿದ್ದಾರೆ. ಆದರೆ ಇಂಥ ಅಡಾಪ್ಟರ್ ಒಂದು ಹೊತ್ತಿಗೆ ಒಂದೇ ಬ್ಯಾಂಡ್‌ನಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಆ 600 ಯಾವತ್ತೂ ಸಿಗುವುದಿಲ್ಲ. 433 ಕೂಡ ಪೂರ್ತಿ ಸಿಗುವುದಿಲ್ಲ. ವೈಫೈನಲ್ಲಿ ಕಳಿಸುವುದೂ ಪಡೆಯುವುದೂ ಒಂದೇ ಚಾನೆಲ್‌ನಲ್ಲಿ, ಸರದಿ ಪ್ರಕಾರ. ಮನೆಯ ಫೋನು, ಟಿವಿಗಳೂ ಅದೇ ಸರದಿಯಲ್ಲಿ ನಿಂತಿರುತ್ತವೆ. ಕೊನೆಗೆ ಕೈಗೆ ಸಿಗುವುದು ಸುಮಾರು ಅರ್ಧ. ದೊಡ್ಡ ನಂಬರ್‌ನ ಅಡಾಪ್ಟರ್ ತಂದು ಯುಎಸ್‌ಬಿ 2.0 ಪೋರ್ಟ್‌ಗೆ ಚುಚ್ಚಿದರೆ ಇನ್ನೊಂದು ಅಡ್ಡಿ. ಆ ಪೋರ್ಟ್‌ನ ಮಿತಿಯೇ 480 ಎಂಬಿಪಿಎಸ್.

ಹಾಗಂತ ಎಸಿ600 ಕೆಟ್ಟದ್ದೇನಲ್ಲ. ಮನೆಯ ಇಂಟರ್ನೆಟ್ ಪ್ಲಾನ್ 100 ಎಂಬಿಪಿಎಸ್ ಇದ್ದರೆ ಅದು ಧಾರಾಳವಾಗಿ ಸಾಕು. ನಾನು ಬೇಡ ಅನ್ನುವುದು ಎನ್150 ಥರದ್ದನ್ನು, ಏಕೆಂದರೆ ಅದರಲ್ಲಿ 5 ಗಿಗಾಹರ್ಟ್ಸ್ ಬ್ಯಾಂಡೇ ಇಲ್ಲ.

2.4 ಗಿಗಾಹರ್ಟ್ಸ್ ಬ್ಯಾಂಡ್ ಇರುವುದೇ ಸುಮಾರು 83 ಮೆಗಾಹರ್ಟ್ಸ್ ಅಗಲ. ಅದರಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಮೂರೇ ಚಾನೆಲ್ ಹಿಡಿಸುತ್ತವೆ: 1, 6, 11. ಅಪಾರ್ಟ್‌ಮೆಂಟ್‌ನಲ್ಲಿ ಕೂತು ವೈಫೈ ಪಟ್ಟಿ ತೆರೆದರೆ ಎಷ್ಟು ಹೆಸರು ಬರುತ್ತವೆ, ಅಲ್ವಾ? ಹೆಚ್ಚಿನವು ಆ ಮೂರರಲ್ಲೇ ತುರುಕಿಕೊಂಡಿರುತ್ತವೆ. ಬ್ಲೂಟೂತ್ ಕೂಡ ಅಲ್ಲೇ, ಮೈಕ್ರೋವೇವ್ ಓವನ್ ಕೂಡ ಅಲ್ಲೇ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಬೇಕಾದಷ್ಟಿದೆ. ಭಾರತದಲ್ಲಿ 2018ರಲ್ಲಿ ಆ ಭಾಗದ 605 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಗೋಡೆ ದಾಟುವಾಗ ಈ ಅಲೆಗಳು ಜಾಸ್ತಿ ಸೊರಗುತ್ತವೆ ಅನ್ನುವುದು ನಿಜ. ರೂಟರ್‌ನಲ್ಲೂ 5 ಗಿಗಾಹರ್ಟ್ಸ್ ಇರಬೇಕು, ಅದನ್ನು ಮೊದಲೇ ನೋಡಿಕೊಳ್ಳಿ.

ಇನ್ನು ಆಂಟೆನಾ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಒಳ್ಳೆಯ ಸಾದಾ ಆಂಟೆನಾಗೆ ಅದರ ಕಾಲುಭಾಗ, ಅಂದರೆ 3 ಸೆಂಟಿಮೀಟರ್ ಉದ್ದ ಬೇಕು. ಉಗುರಿನಷ್ಟೇ ಹೊರಗೆ ಕಾಣುವ ನ್ಯಾನೋ ಅಡಾಪ್ಟರ್‌ನಲ್ಲಿ ಅಷ್ಟು ಜಾಗ ಎಲ್ಲಿದೆ? ಮಡಚಿ, ಸುತ್ತಿ ತುಂಬಿಸಿರುತ್ತಾರೆ. ಅದರ ಮೇಲೆ ಲ್ಯಾಪ್‌ಟಾಪ್‌ನ ಲೋಹದ ಭಾಗಕ್ಕೆ ಅಂಟಿಕೊಂಡೇ ಕೂರುತ್ತದೆ. ಪಕ್ಕದ ಪೋರ್ಟ್‌ನಲ್ಲಿ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಇದ್ದರಂತೂ ಮುಗಿಯಿತು. ಅದರ ಕೇಬಲ್‌ನಿಂದ ಸೋರುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡ್ ಮೇಲೆ ಬೀಳುತ್ತದೆ ಅಂತ ಇಂಟೆಲ್ 2012ರಲ್ಲೇ ಅಳೆದು ತೋರಿಸಿತ್ತು. ಫೈಲ್ ಕಾಪಿ ಮಾಡುವಾಗಲೇ ವೈಫೈ ತೊದಲುತ್ತಿದ್ದರೆ ಇದನ್ನೇ ಅನುಮಾನಿಸಿ. ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನು ದೂರ ಇಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಲ್ಯಾಪ್‌ಟಾಪ್‌ನ ಸ್ವಂತ ಆಂಟೆನಾಗಳು ಸಾಮಾನ್ಯವಾಗಿ ಸ್ಕ್ರೀನ್‌ನ ಅಂಚಿನಲ್ಲಿರುತ್ತವೆ. ಎತ್ತರದ ಜಾಗ, ಒಳ್ಳೆಯ ಜಾಗ. ಅದಕ್ಕೇ, ಬಿಚ್ಚಲು ಆಗುವ ಮಾಡೆಲ್ ಆದರೆ, ಒಳಗಿನ ವೈಫೈ ಕಾರ್ಡ್ ಬದಲಿಸುವುದೇ ಉತ್ತಮ ಅನ್ನುವುದು ನನ್ನ ಅಭಿಪ್ರಾಯ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಎಂ.2 ಕಾರ್ಡ್. ಒಂದೇ ಸ್ಕ್ರೂ. ಮೇಲೆ ಸಾಸಿವೆಗಿಂತ ತುಸು ದೊಡ್ಡ ಎರಡು ಚಿನ್ನದ ಬಣ್ಣದ ಗುಂಡು ಸಾಕೆಟ್. ಸ್ಕ್ರೀನ್‌ನಿಂದ ಇಳಿದು ಬಂದ ಎರಡು ತೆಳು ವೈರ್‌ಗಳ ತುದಿಯನ್ನು ಅವುಗಳ ಮೇಲೆ ನೇರವಾಗಿ ಇಟ್ಟು ಉಗುರಿನಿಂದ ಒತ್ತಿದರೆ ‘ಟಕ್’ ಅಂತ ಕೂರುತ್ತದೆ. ಓರೆಯಾಗಿ ಒತ್ತಿದರೆ ಸಾಕೆಟ್ ಹಾಳಾಗುತ್ತದೆ.

ಇಲ್ಲೊಂದು ಎಡವುವ ಜಾಗ ಇದೆ, ಗೊತ್ತಿರಲಿ. ಇಂಟೆಲ್‌ನ ಎಎಕ್ಸ್200, ಎಎಕ್ಸ್201 ವೈಫೈ ಕಾರ್ಡ್‌ಗಳು ನೋಡಲು ಒಂದೇ ಥರ. ಆದರೆ 201ರ ಅರ್ಧ ಕೆಲಸ ಇಂಟೆಲ್‌ನದೇ ಚಿಪ್‌ಸೆಟ್ (ಲ್ಯಾಪ್‌ಟಾಪ್ ಬೋರ್ಡಿನ ಮುಖ್ಯ ಚಿಪ್‌ಗಳು) ಒಳಗೆ ನಡೆಯುತ್ತದೆ. ಎಎಂಡಿ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗೆ ಹಾಕಿದರೆ ಕಾರ್ಡ್ ಸುಮ್ನೆ ಕೂತಿರುತ್ತದೆ, ಅಷ್ಟೇ. ಎಎಕ್ಸ್211 ಕೂಡ ಹಾಗೇ. ಎಎಕ್ಸ್200 ಮತ್ತು ಎಎಕ್ಸ್210 ಕೆಲಸವನ್ನೆಲ್ಲ ತಾವೇ ಮಾಡುವ ಮಾಮೂಲಿ ಪಿಸಿಐಇ ಕಾರ್ಡ್‌ಗಳು, ಅವುಗಳಿಗೆ ಈ ಕಟ್ಟುಪಾಡಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ (ಆನ್ ಮಾಡಿದ ಕೂಡಲೇ ಓಡುವ ಒಳಗಿನ ತಂತ್ರಾಂಶ) ತನಗೆ ಗೊತ್ತಿಲ್ಲದ ಕಾರ್ಡ್ ಒಪ್ಪುವುದಿಲ್ಲ, ಇನ್ನು ಕೆಲವು ತೆಳು ಮಾಡೆಲ್‌ಗಳಲ್ಲಿ ಚಿಪ್ಪನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ. ದುಡ್ಡು ಕೊಡುವ ಮೊದಲು ಸರ್ವಿಸ್ ಮ್ಯಾನ್ಯುಯಲ್ ನೋಡಿ.

ಲಿನಕ್ಸ್ ಬಳಸುವವರು ಬ್ರ್ಯಾಂಡ್ ಬದಲು ಒಳಗಿನ ಚಿಪ್ ಯಾವುದು ಅಂತ ಕೇಳಬೇಕು. ಮೀಡಿಯಾಟೆಕ್ ಎಂಟಿ7612ಯು ಥರದ ಚಿಪ್‌ಗೆ ಡ್ರೈವರ್ ಕರ್ನಲ್‌ನಲ್ಲೇ, ಅಂದರೆ ಲಿನಕ್ಸ್‌ನ ತಿರುಳಿನಲ್ಲೇ, ಇದೆ.

ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡುವವರಾದರೆ ಇಷ್ಟೆಲ್ಲ ತಲೆನೋವೇ ಬೇಡ. ಯುಎಸ್‌ಬಿ 3.0 ಗಿಗಾಬಿಟ್ ಈಥರ್ನೆಟ್ ಅಡಾಪ್ಟರ್ ತಂದು ರೂಟರ್‌ಗೆ ಕೇಬಲ್ ಎಳೆಯಿರಿ. ಡಬ್ಬಿ ಮೇಲೆ 10/100/1000 ಅಂತ ಇರಬೇಕು; ಬರೀ 10/100 ಇದ್ದರೆ 100 ಎಂಬಿಪಿಎಸ್‌ಗೇ ನಿಲ್ಲುತ್ತದೆ. ಕೇಬಲ್‌ನ ಎಂಟೂ ತಂತಿಗಳು ಪ್ಲಗ್‌ನಲ್ಲಿ ಕೂತಿವೆಯಾ ನೋಡಿ. ನಾಲ್ಕೇ ತಂತಿ ಜೋಡಿಸಿದ್ದರೆ ಗಿಗಾಬಿಟ್ ಅಡಾಪ್ಟರ್ ಕೂಡ ನೂರನ್ನು ದಾಟುವುದಿಲ್ಲ.