ಆಟೋಮ್ಯಾಟಿಕ್ ಗಾಡಿಯ ಗೇರ್ ಆಯಿಲ್: ಬದಲಿಸುವುದು ಸುಲಭ, ಲೆವೆಲ್ ಕೂರಿಸುವುದು ಕಷ್ಟ

ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ ಆಯಿಲನ್ನು ಮನೆಯಲ್ಲೇ ಬದಲಾಯಿಸಬಹುದೇ ಎಂದು ಗ್ಯಾರೇಜಿಗೆ ಬಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಬದಲಾಯಿಸಬಹುದು. ಹಳೇದನ್ನು ಇಳಿಸುವುದು, ಹೊಸದನ್ನು ತುಂಬುವುದು ಪಾನಾ ಹಿಡಿದು ಅಭ್ಯಾಸ ಇರುವ ಯಾರಿಗಾದರೂ ಸಾಧ್ಯ. ಕಷ್ಟ ಇರುವುದು ಲೆವೆಲ್ ಕೂರಿಸುವುದರಲ್ಲಿ. ಆ ಲೆವೆಲ್ ಆಯಿಲ್ ಎಷ್ಟು ಬಿಸಿಯಾಗಿದೆ ಎಂಬುದರ ಮೇಲೆ ನಿಂತಿರುತ್ತದೆ. ಬಳ್ಳಾರಿ, ರಾಯಚೂರು ಕಡೆಯ ಬೇಸಿಗೆ ಆ ಲೆಕ್ಕವನ್ನೇ ತಪ್ಪಿಸುತ್ತದೆ. ಊರು ಯಾವುದು, ತಿಂಗಳು ಯಾವುದು, ಹೊತ್ತು ಎಷ್ಟು ಎಂದು ನೋಡದೆ ವಿಡಿಯೋದಲ್ಲಿ ತೋರಿಸಿದಂತೆ ಮಾಡಿದರೆ ಎಡವುವುದು ಇಲ್ಲೇ.

ಮೊದಲು ನಿಮ್ಮ ಗಾಡಿಯಲ್ಲಿ ಇರುವುದು ಎಂಥ ಗೇರ್‌ಬಾಕ್ಸ್ ಎಂದು ತಿಳಿದುಕೊಳ್ಳಿ. ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಅಲ್ಲ. 2014ರಲ್ಲಿ ಸೆಲೆರಿಯೊ ಜೊತೆ ಬಂದ ಎಎಂಟಿಯನ್ನೇ ನೋಡಿ. ಅದು ಒಳಗೆ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ತಳ್ಳುವ ಕೆಲಸವನ್ನು ಕಾಲು-ಕೈಯ ಬದಲು ಯಂತ್ರ ಮಾಡುತ್ತದೆ, ಅಷ್ಟೇ. ಅದಕ್ಕೆ ಮ್ಯಾನುಯಲ್ ಗೇರ್ ಆಯಿಲ್ ಬೇಕು, ಆಟೋಮ್ಯಾಟಿಕ್ ಬಾಕ್ಸಿಗೆಂದೇ ಬರುವ ಕೆಂಪು ಬಣ್ಣದ ಆಯಿಲ್, ಅಂದರೆ ಎಟಿಎಫ್ ಅಲ್ಲ. ಬೆಲ್ಟಿನ ಮೇಲೆ ಓಡುವ ಸಿವಿಟಿ ಬಾಕ್ಸಿಗೆ ಅದರದ್ದೇ ಪ್ರತ್ಯೇಕ ಆಯಿಲ್ ಇದೆ. ಬೆಲ್ಟು, ಪುಲ್ಲಿಗಳ ಹಿಡಿತವೇ ಅದರ ಗುಣದ ಮೇಲಿದೆ, ಅಲ್ಲಿ ಎಟಿಎಫ್ ಸುರಿದರೆ ಬಾಕ್ಸ್ ಹಾಳು. ಡ್ಯುಯಲ್ ಕ್ಲಚ್ ಬಾಕ್ಸನ್ನು ಮನೆಯಲ್ಲಿ ಮುಟ್ಟಬೇಡಿ ಎಂಬುದೇ ನನ್ನ ಸಲಹೆ. ಇಲ್ಲಿ ಹೇಳುತ್ತಿರುವುದು ಇಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ ಬದಲು ಟಾರ್ಕ್ ಕನ್ವರ್ಟರ್ ಇರುವ ಗಾಡಿಗಳ ಬಗ್ಗೆ. ಇನ್ನೋವಾ ಕ್ರಿಸ್ಟಾ ಆಟೋಮ್ಯಾಟಿಕ್, ಎರ್ಟಿಗಾ ಆಟೋಮ್ಯಾಟಿಕ್, ಕ್ರೆಟಾ ಡೀಸೆಲ್ ಆಟೋಮ್ಯಾಟಿಕ್ ಎಲ್ಲ ಈ ಗುಂಪಿನವು. ನಮ್ಮ ಕಡೆ ಮನೆಮಂದಿಯೆಲ್ಲ ಓಡಾಡಲು ಕೊಳ್ಳುವ ಆಟೋಮ್ಯಾಟಿಕ್ ಗಾಡಿಗಳಲ್ಲಿ ಇಂಥವೇ ಹೆಚ್ಚು.

ಈ ಬಾಕ್ಸಿನಲ್ಲಿ ಆಯಿಲ್ ಬರೀ ಜಾರಿಸುವ ಕೆಲಸ ಮಾಡುವುದಿಲ್ಲ. ಇಂಜಿನ್ನಿನ ಶಕ್ತಿಯನ್ನು ಕನ್ವರ್ಟರ್ ಒಳಗೆ ದಾಟಿಸುವುದು ಆಯಿಲೇ. ಗೇರ್ ಬದಲಾಗುವಾಗ ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ಒತ್ತಡವೂ ಅದರದ್ದೇ. ಒಳಗಿನ ಕಾವನ್ನು ಹೊತ್ತು ಕೂಲರ್‌ಗೆ ಒಯ್ಯುವುದೂ ಅದೇ. ಕಾವು ಹೆಚ್ಚಾದಷ್ಟೂ ಅದು ಬೇಗ ಹಳತಾಗುತ್ತದೆ: ಬಣ್ಣ ಕೆಂಪಿನಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ತಿರುಗುತ್ತದೆ, ಕೊನೆಗೆ ಸುಟ್ಟ ವಾಸನೆ ಬರುತ್ತದೆ.

ನಮ್ಮ ಭಾಗದಲ್ಲಿ ಕಾವಿಗೆ ಕೊರತೆಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಸಂಡೂರು, ತೋರಣಗಲ್ಲು ದಾರಿಯಲ್ಲಿ ದಿನಾ ಓಡಾಡುವ ಗಾಡಿಗಳ ರೇಡಿಯೇಟರ್ ಬಿಚ್ಚಿ ನೋಡಿದರೆ, ಅದಿರಿನ ಕೆಂಪು ಧೂಳು ಎಣ್ಣೆ ಜಿಡ್ಡಿನ ಜೊತೆ ಸೇರಿ ಫಿನ್‌ಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಗೇರ್ ಆಯಿಲ್ ತಂಪಾಗಬೇಕಾದದ್ದೂ ಅದೇ ಜಾಗದಲ್ಲಿ. ಅದರ ಮೇಲೆ ಏಳು ಜನ, ಮೇಲೊಂದಿಷ್ಟು ಲಗೇಜು, ಎಸಿ ಹಾಕಿಕೊಂಡು ದೋರ್ನಾಲದಿಂದ ಶ್ರೀಶೈಲದ ಘಾಟಿ ಹತ್ತುವುದು. ಇಷ್ಟೆಲ್ಲ ಅನುಭವಿಸುವ ಆಯಿಲ್ 'ಲೈಫ್‌ಟೈಮ್' ಬಾಳುತ್ತದೆ ಎಂದು ನಾನು ನಂಬುವುದಿಲ್ಲ. ಲೈಫ್‌ಟೈಮ್ (ಬದಲಿಸಬೇಕಿಲ್ಲ) ಎಂದು ಬರೆದಿರುವ ಕಂಪನಿ ಮ್ಯಾನುಯಲ್‌ಗಳಲ್ಲೇ ಹೆಚ್ಚು ಬಿಸಿಲು, ಧೂಳು, ಭಾರ, ಘಾಟಿ ಇದ್ದರೆ ಬೇಗ ಬದಲಿಸಿ ಎಂಬ ಸಾಲೂ ಎಷ್ಟೋ ಸಲ ಇರುತ್ತದೆ, ಹುಡುಕಿ ಓದಬೇಕು. ಇಲ್ಲಿ ಓಡುವ ಗಾಡಿಗೆ 60,000 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ ಎಂದು ನನ್ನ ಗಿರಾಕಿಗಳಿಗೆ ಹೇಳುತ್ತೇನೆ. ಆಯಿಲ್ ಬದಲಿಸುವ ಹೊತ್ತಿಗೇ ರೇಡಿಯೇಟರ್ ಫಿನ್‌ಗಳನ್ನೂ ಹಿಂದಿನಿಂದ ಮುಂದಕ್ಕೆ ಗಾಳಿ ಊದಿಸಿ ಸ್ವಚ್ಛ ಮಾಡಿಸಿ. ಪ್ರೆಶರ್ ವಾಷರ್ ನೀರನ್ನು ಹತ್ತಿರದಿಂದ ಬಿಟ್ಟರೆ ಫಿನ್ ಮಡಚಿಕೊಳ್ಳುತ್ತದೆ.

ಆಯಿಲ್ ಕೊಳ್ಳುವಾಗ ಕಂಪನಿ ಹೇಳಿದ ಸ್ಪೆಸಿಫಿಕೇಷನ್ ಬಿಟ್ಟು ಬೇರೆ ಯಾವ ಮಾತನ್ನೂ ಕೇಳಬೇಡಿ. ಟೊಯೋಟಾದ ಈಗಿನ ಬಾಕ್ಸುಗಳಿಗೆ ಡಬ್ಲ್ಯೂಎಸ್, ಹ್ಯುಂಡೈನ 6 ಸ್ಪೀಡ್‌ಗೆ ಎಸ್‌ಪಿ-4, ಹೀಗೆ ಒಂದೊಂದಕ್ಕೆ ಒಂದೊಂದು. ಎಲ್ಲವೂ ಕೆಂಪಗೇ ಕಾಣುತ್ತವೆ, ಆದರೆ ಕ್ಲಚ್ ಪ್ಲೇಟಿನ ಜೊತೆ ಅವುಗಳ ನಡವಳಿಕೆ ಬೇರೆ. 'ಯಾವುದಕ್ಕೂ ಆಗುತ್ತೆ' ಎನ್ನುವ ಡಬ್ಬಿ ನನಗೆ ಬೇಡ.

ಇನ್ನು ಪ್ರಮಾಣ. ಪ್ಲಗ್ ಬಿಚ್ಚಿದಾಗ ಎಲ್ಲ ಆಯಿಲ್ ಹೊರಗೆ ಬರುವುದಿಲ್ಲ. ಕನ್ವರ್ಟರ್‌ನಲ್ಲಿ, ಕೂಲರ್ ಪೈಪುಗಳಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದುಬಿಡುತ್ತದೆ. ಒಂದು ಸಲಕ್ಕೆ ನೂರರಲ್ಲಿ 40 ಪಾಲು ಹೊಸದಾಯಿತು ಎಂದುಕೊಳ್ಳಿ. ಎರಡನೇ ಸಲಕ್ಕೆ 64, ಮೂರನೇ ಸಲಕ್ಕೆ 78 ಪಾಲು ಹೊಸದಾಗುತ್ತದೆ. ಹಾಗಾಗಿ ಮನೆಯಲ್ಲಿ ಮಾಡುವವರು ಕೆಲವು ನೂರು ಕಿಲೋಮೀಟರ್ ಬಿಟ್ಟು ಇನ್ನೊಮ್ಮೆ ಮಾಡುವುದು ಒಳ್ಳೆಯದು. ಮಷಿನ್ ಕೂರಿಸಿ ಒತ್ತಡದಲ್ಲಿ ಪೂರ್ತಿ ತೊಳೆಯುವುದಕ್ಕಿಂತ, ಅದರಲ್ಲೂ ಒಮ್ಮೆಯೂ ಬದಲಿಸದ ಹಳೇ ಗಾಡಿಯಲ್ಲಿ, ನನಗೆ ಈ ನಿಧಾನದ ದಾರಿಯೇ ಮೇಲು.

ಗಾಡಿಯನ್ನು ಎತ್ತಿ ನಿಲ್ಲಿಸುವ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಬರೀ ಜಾಕಿ ನಂಬಿ ಯಾರೂ ಗಾಡಿ ಕೆಳಗೆ ಹೋಗಬಾರದು. ಇಟ್ಟಿಗೆ, ಹಾಲೋ ಬ್ಲಾಕ್, ಸೈಜುಗಲ್ಲು ಜೋಡಿಸಿ ಅದರ ಮೇಲೆ ಗಾಡಿ ಕೂರಿಸುವುದು ನಮ್ಮಲ್ಲಿ ರೂಢಿ; ಬ್ಲಾಕ್ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ. ಜಾಕ್ ಸ್ಟ್ಯಾಂಡ್ ನಾಲ್ಕು ಬೇಕು. ಎರಡಲ್ಲ, ನಾಲ್ಕು. ಏಕೆಂದರೆ ಲೆವೆಲ್ ನೋಡುವಾಗ ಗಾಡಿ ಸಮತಟ್ಟಾಗಿ ಇರಲೇಬೇಕು. ಮನೆ ಮುಂದೆ ಎರೆಮಣ್ಣು ಇದ್ದರೆ ಅಲ್ಲಿ ಈ ಕೆಲಸವೇ ಬೇಡ. ಒಣಗಿದಾಗ ಕಲ್ಲಿನಂತೆ ಕಂಡರೂ ಎರೆಭೂಮಿಯ ತುಂಬ ಬಿರುಕು. ಸ್ಟ್ಯಾಂಡಿನ ಒಂದು ಕಾಲು ಕುಸಿದರೆ ಸಾಕು. ಕಾಂಕ್ರೀಟ್ ನೆಲ ನೋಡಿಕೊಳ್ಳಿ, ಇಲ್ಲವೇ ಪರಿಚಯದ ಗ್ಯಾರೇಜಿನಲ್ಲಿ ಬೆಳಗಿನ ಒಂದೆರಡು ಗಂಟೆ ಪಿಟ್ ಕೇಳಿ.

ಹಿಂದಿನ ಸಂಜೆಯೇ ಗಾಡಿ ನಿಲ್ಲಿಸಿಬಿಡಿ. ಬಿಸಿ ಇದ್ದಾಗ ಇಳಿಸಿದರೆ ಚೆನ್ನಾಗಿ ಇಳಿಯುತ್ತದೆ ಎಂಬುದು ಇಂಜಿನ್ ಆಯಿಲ್‌ನ ಮಾತು. ಎಟಿಎಫ್ ತೆಳುವಾದದ್ದು, ನಮ್ಮ ಚಳಿಗಾಲದ ಬೆಳಗಿನಲ್ಲೂ ಸರಾಗವಾಗಿ ಇಳಿಯುತ್ತದೆ. ತಣ್ಣಗಿದ್ದಾಗ ಇಳಿಸಿದರೆ ಕೈ ಸುಡುವುದಿಲ್ಲ. ಅಳತೆಯೂ ಸರಿ ಸಿಗುತ್ತದೆ, ಏಕೆಂದರೆ ಹೊರಗೆ ಬಂದದ್ದು ಮತ್ತು ಒಳಗೆ ಹಾಕುವುದು ಎರಡೂ ಒಂದೇ ಬಿಸಿಯಲ್ಲಿ ಇರುತ್ತವೆ.

ಬಿಚ್ಚುವಾಗ ಮೊದಲು ತುಂಬುವ ಪ್ಲಗ್, ಆಮೇಲೆ ಇಳಿಸುವ ಪ್ಲಗ್. ಈ ಕ್ರಮ ತಪ್ಪಬೇಡಿ. ತುಂಬುವ ಪ್ಲಗ್ ಹಿಡಿದುಕೊಂಡಿದ್ದರೆ, ತಲೆ ಸವೆದಿದ್ದರೆ, ಅದು ಆಯಿಲ್ ಇಳಿಸುವ ಮೊದಲೇ ಗೊತ್ತಾಗಬೇಕು. ಆಗ ಗಾಡಿಯನ್ನು ಓಡಿಸಿಕೊಂಡೇ ಗ್ಯಾರೇಜಿಗೆ ತರಬಹುದು. ಇಳಿಸಿದ ಮೇಲೆ ಗೊತ್ತಾದರೆ ಟೋಯಿಂಗ್ ಗತಿ. ಇಂಜಿನ್ ಚೇಂಬರಿನ ಪ್ಲಗ್ಗನ್ನೇ ಗೇರ್‌ಬಾಕ್ಸಿನದೆಂದು ಬಿಚ್ಚುವುದೂ ನಡೆಯುತ್ತಿರುತ್ತದೆ. ಮೊದಲ ನಾಲ್ಕು ಹನಿಯ ಬಣ್ಣ ನೋಡಿ, ಅನುಮಾನ ಬಂದರೆ ಅಲ್ಲೇ ಪ್ಲಗ್ ಹಾಕಿಬಿಡಿ.

ಇಳಿದ ಆಯಿಲನ್ನು ಗೆರೆ ಇರುವ ಜಾರಿಗೆ ಸುರಿದು ಅಳೆದು ಬರೆದಿಡಿ. 3.2 ಲೀಟರ್ ಬಂತೆಂದರೆ 3.2 ಲೀಟರ್ ಹೊಸದು ಹಾಕುವುದು. ಅದು ಆರಂಭ, ಅಲ್ಲಿಗೇ ಮುಗಿಯುವುದಿಲ್ಲ. ಪ್ಯಾನ್, ಅಂದರೆ ಬಾಕ್ಸಿನ ತಳದ ತಟ್ಟೆ, ಬಿಚ್ಚಿದರೆ ಒಳಗಿನ ಮ್ಯಾಗ್ನೆಟ್ ನೋಡಿ. ಅದರ ಮೇಲೆ ಬೂದು ಬಣ್ಣದ ನುಣುಪಾದ ಕೆಸರು ಕೂತಿರುತ್ತದೆ. ಎರಡು ಬೆರಳಲ್ಲಿ ತಿಕ್ಕಿ ನೋಡಿ: ವಿಭೂತಿಯ ಹಾಗೆ ನುಣ್ಣಗಿದ್ದರೆ ಅದು ಸಹಜ ಸವೆತ. ಚುಚ್ಚಿದರೆ, ಬೆಳಕಿಗೆ ಹಿಡಿದಾಗ ಚೂರು ಮಿನುಗಿದರೆ ಒಳಗೆ ಏನೋ ಮುರಿಯುತ್ತಿದೆ. ಆಯಿಲ್ ಗುಲಾಬಿ ಬಣ್ಣದ ಹಾಲಿನಂತೆ ಬಂದರೆ ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ನೀರು ಸೇರಿದೆ. ಬರೀ ಆಯಿಲ್ ಬದಲಾವಣೆಯಿಂದ ಅದು ಸರಿಹೋಗದು, ಗಾಡಿ ಸ್ಟಾರ್ಟ್ ಮಾಡಬೇಡಿ. ಪ್ಯಾನನ್ನು ಕಾಟನ್ ವೇಸ್ಟಿನಿಂದ ಒರೆಸಬಾರದು. ಒಂದು ಎಳೆ ನೂಲು ಒಳಗೆ ಉಳಿದು, ಆಯಿಲಿನ ಒತ್ತಡ ಹಂಚುವ ವಾಲ್ವ್‌ಬಾಡಿ ತಲುಪಿದರೆ ಸಾಕು, ಗೇರ್ ಸಿಕ್ಕಿಕೊಳ್ಳಲು. ಎಳೆ ಬಿಡದ ಬಟ್ಟೆ ಬಳಸಿ. ಪ್ಲಗ್ಗಿಗೆ ಹೊಸ ವಾಷರ್ ಹಾಕಿ, ಪ್ಯಾನಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಅಲ್ಯುಮಿನಿಯಂ ಬಾಡಿಯಲ್ಲಿ ಥ್ರೆಡ್ ಹೋಗುವುದಕ್ಕೆ ಹೆಚ್ಚು ಬಲ ಬೇಕಾಗಿಲ್ಲ.

ಈಗ ಲೆವೆಲ್. ಡಿಪ್‌ಸ್ಟಿಕ್ ಇರುವ ಹಳೇ ಗಾಡಿಯವರು ಅದೃಷ್ಟವಂತರು. ಗಾಡಿ ಓಡಿಸಿ ಬಂದು, ಬ್ರೇಕ್ ಒತ್ತಿ, ಎಲ್ಲ ಗೇರಿಗೂ ಒಮ್ಮೆ ಹಾಕಿ ಪಿ-ಗೆ ತಂದು, ಇಂಜಿನ್ ಓಡುತ್ತಿರುವಾಗಲೇ ಕಡ್ಡಿ ತೆಗೆದು 'ಹಾಟ್' ಗೆರೆ ನೋಡಬೇಕು. ಕೆಲವು ಹೋಂಡಾಗಳಲ್ಲಿ ಮಾತ್ರ ಇಂಜಿನ್ ಆರಿಸಿ ಒಂದು ನಿಮಿಷದೊಳಗೆ ನೋಡುವುದು.

ಈಗಿನ ಹೆಚ್ಚಿನ ಗಾಡಿಗಳಲ್ಲಿ ಕಡ್ಡಿಯೇ ಇಲ್ಲ. ಬದಲಿಗೆ ಕೆಳಗೊಂದು ಚೆಕ್ ಪ್ಲಗ್ ಇರುತ್ತದೆ. ಇಂಜಿನ್ ಐಡಲ್‌ನಲ್ಲಿ ಓಡುತ್ತಾ, ಆಯಿಲ್ ಗೊತ್ತುಮಾಡಿದ ಬಿಸಿಗೆ ಬಂದಾಗ ಅದನ್ನು ಬಿಚ್ಚಬೇಕು. ಹೆಚ್ಚಿದ್ದದ್ದು ಧಾರೆಯಾಗಿ ಸುರಿಯುತ್ತದೆ, ಧಾರೆ ಎಳೆಯಾಗುತ್ತದೆ, ಎಳೆ ಕಡಿದು ಹನಿಯಾಗುತ್ತದೆ. ಎಳೆ ಕಡಿಯುವ ಹೊತ್ತಿಗೆ ಪ್ಲಗ್ ಮುಚ್ಚಿದರೆ ಲೆವೆಲ್ ಸರಿ. ಬಿಚ್ಚಿದರೂ ಏನೂ ಬಾರದಿದ್ದರೆ ಕಡಿಮೆಯಿದೆ, ಇನ್ನಷ್ಟು ಹಾಕಬೇಕು.

ಆ 'ಗೊತ್ತುಮಾಡಿದ ಬಿಸಿ' ಎಷ್ಟು? ಟೊಯೋಟಾದ ಹಲವು ಬಾಕ್ಸುಗಳಲ್ಲಿ ಅದು 35ರಿಂದ 45 ಡಿಗ್ರಿ ಆಸುಪಾಸು. ಹ್ಯುಂಡೈನ 6 ಸ್ಪೀಡ್‌ನಲ್ಲಿ 50ರಿಂದ 60. ನಿಮ್ಮ ಮಾಡೆಲಿನದ್ದನ್ನು ಸರ್ವಿಸ್ ಮ್ಯಾನುಯಲ್‌ನಲ್ಲೇ ನೋಡಬೇಕು. 45 ಡಿಗ್ರಿಯೊಳಗೆ ಎಂದರೆ ಚಳಿ ದೇಶದವರಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯಲ್ಲಿ ಶೆಡ್ಡಿನೊಳಗೆ ಸುಮ್ಮನೆ ನಿಂತ ಗಾಡಿಯ ಆಯಿಲೇ 40 ದಾಟಿರುತ್ತದೆ. ಇಂಜಿನ್ ಸ್ಟಾರ್ಟ್ ಮಾಡಿ, ಗೇರ್ ಎಲ್ಲ ಒಮ್ಮೆ ಹಾಕಿ, ಕೆಳಗೆ ಮಲಗಿ ಪ್ಲಗ್ ಬಿಚ್ಚುವಷ್ಟರಲ್ಲಿ ಆ ಬಿಸಿ ಮೀರಿ ಹೋಗಿರುತ್ತದೆ.

ಮೀರಿದರೆ ಏನಾಗುತ್ತದೆ? ಆಯಿಲ್ ಹಿಗ್ಗುತ್ತದೆ. ಒಂದು ಲೀಟರ್ ಆಯಿಲ್ 10 ಡಿಗ್ರಿ ಏರಿದರೆ ಸುಮಾರು 7ರಿಂದ 8 ಮಿಲಿಲೀಟರ್ ಹೆಚ್ಚು ಜಾಗ ಹಿಡಿಯುತ್ತದೆ. 8 ಲೀಟರ್ ಇರುವ ಬಾಕ್ಸಿನಲ್ಲಿ 40ರ ಬದಲು 80 ಡಿಗ್ರಿಯಲ್ಲಿ ಲೆವೆಲ್ ನೋಡಿದರೆ ಕಾಲು ಲೀಟರಿನಷ್ಟು ಒಳ್ಳೆಯ ಆಯಿಲ್ ಹೆಚ್ಚುವರಿ ಎಂದು ಹೊರಗೆ ಹೋಗಿಬಿಡುತ್ತದೆ. ತೀರ ತಣ್ಣಗಿದ್ದಾಗ ನೋಡಿದರೆ ಇದರ ಉಲ್ಟಾ: ಹೆಚ್ಚು ತುಂಬುತ್ತೀರಿ, ಬಿಸಿಯಾದಾಗ ತಿರುಗುವ ಭಾಗಗಳಿಗೆ ಬಡಿದು ನೊರೆ ಏಳುತ್ತದೆ. ಹೆಚ್ಚಾದರೂ ಕಡಿಮೆಯಾದರೂ ಪಂಪು ಎಳೆಯುವುದು ಆಯಿಲ್ ಜೊತೆ ಗಾಳಿಯನ್ನೂ. ಗಾಳಿ ಸೇರಿದ ಆಯಿಲಿಗೆ ಒತ್ತಡ ನಿಲ್ಲುವುದಿಲ್ಲ, ಕ್ಲಚ್ ಜಾರುತ್ತದೆ, ಸುಡುತ್ತದೆ.

ಸಿರುಗುಪ್ಪ ಕಡೆಯಿಂದ ಒಬ್ಬರು ಬಂದಿದ್ದರು. "ಅಣ್ಣ, ಆಯಿಲ್ ನಾನೇ ಚೇಂಜ್ ಮಾಡೀನಿ. ಅವತ್ತಿಂದ ಬೆಳಿಗ್ಗೆ ರಿವರ್ಸ್ ಹಾಕಿದ್ರೆ ಗಾಡಿ ತಡದು ಎಳಿತೈತಿ" ಎಂದರು. ಕೇಳುತ್ತಾ ಹೋದರೆ ಕಾರಣ ಒಂದೊಂದೇ ಹೊರಬಂತು. ಏಪ್ರಿಲ್ ಮಧ್ಯಾಹ್ನ, ಆಯಿಲ್ ಬಿಸಿಯಾಗಲಿ ಎಂದು ಮೊದಲು ಒಂದು ಸುತ್ತು ಓಡಿಸಿ ಬಂದಿದ್ದರು, ಮುಂದಿನ ಎರಡು ಚಕ್ರ ಮಾತ್ರ ಎತ್ತಿದ್ದರಿಂದ ಆಯಿಲೆಲ್ಲ ಪ್ಲಗ್ ಇರುವ ಕಡೆಗೆ ವಾಲಿತ್ತು. ಆಯಿಲ್ ಸರಿಯಾದದ್ದೇ, ಕೈಕೆಲಸವೂ ಅಚ್ಚುಕಟ್ಟು. ಗಾಡಿಯನ್ನು ರಾತ್ರಿ ನಮ್ಮಲ್ಲೇ ನಿಲ್ಲಿಸಿಕೊಂಡು ಬೆಳಿಗ್ಗೆ ಪಿಟ್ ಮೇಲೆ ಸರಿಯಾದ ಬಿಸಿಯಲ್ಲಿ ನೋಡಿದಾಗ ಚೆಕ್ ಪ್ಲಗ್ಗಿನಿಂದ ಒಂದು ಹನಿಯೂ ಬರಲಿಲ್ಲ. ಲೆವೆಲ್ ತುಂಬಿದ ಮೇಲೆ ರಿವರ್ಸ್ ತಕ್ಷಣ ಹಿಡಿಯಿತು. ಹಾಗೇ ಇನ್ನಷ್ಟು ತಿಂಗಳು ಓಡಿಸಿದ್ದರೆ ಕ್ಲಚ್ ಪ್ಲೇಟು ಉಳಿಯುತ್ತಿರಲಿಲ್ಲ.

ಅದಕ್ಕೇ ಈ ಕೆಲಸವನ್ನು ನವೆಂಬರಿನಿಂದ ಜನವರಿಯೊಳಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಬೆಳಿಗ್ಗೆ ಐದೂವರೆಗೆ ಶುರುಮಾಡಿ. ಆಯಿಲ್ ಇಳಿಸಿ, ಅಳೆದು, ತುಂಬಿ, ಎಲ್ಲ ಮುಗಿದ ಮೇಲೆಯೇ ಇಂಜಿನ್ ಸ್ಟಾರ್ಟ್ ಮಾಡಿ. ಬ್ರೇಕ್ ಒತ್ತಿ ಹಿಡಿದು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಎರಡೆರಡು ಸೆಕೆಂಡ್ ನಿಲ್ಲಿಸಿ ಮತ್ತೆ ಪಿ-ಗೆ ತನ್ನಿ. ಗಾಡಿ ಸ್ಟ್ಯಾಂಡ್ ಮೇಲಿದ್ದರೆ ಚಕ್ರ ತಿರುಗುತ್ತದೆ, ಆಗ ಯಾರೂ ಕೆಳಗೆ ಇರಬಾರದು. ಬಿಸಿಯನ್ನು ಸ್ಕ್ಯಾನರ್‌ನಲ್ಲಿ ನೋಡುವುದೇ ಸರಿ. ಸ್ಕ್ಯಾನರ್ ಜೋಡಿಸಲೆಂದೇ ಗಾಡಿಯಲ್ಲಿರುವ ಒಬಿಡಿ ಸಾಕೆಟ್ಟಿಗೆ ಹಾಕುವ ಸಣ್ಣ ಬ್ಲೂಟೂತ್ ಸಾಧನವೂ ಆದೀತು, ಅದು ಗೇರ್‌ಬಾಕ್ಸ್ ಬಿಸಿ ತೋರಿಸುತ್ತದೆಯೇ ಎಂದು ಹಿಂದಿನ ದಿನವೇ ಪರೀಕ್ಷಿಸಿಕೊಳ್ಳಿ. ಸ್ಕ್ಯಾನರ್ ಇಲ್ಲದೆ, ಪ್ಯಾನನ್ನು ಮುಟ್ಟಿ ಅಂದಾಜು ಮಾಡುವಿರಾದರೆ, ಲೆವೆಲ್ ಮಟ್ಟಿಗೆ ಗ್ಯಾರೇಜಿಗೆ ಬನ್ನಿ.

"ಹಳೇ ಗಾಡಿ, ಬದಲಿಸಿದರೆ ಬಾಕ್ಸೇ ಹೋಗುತ್ತದಂತೆ" ಎಂಬ ಭಯ ಹಲವರಿಗಿದೆ. ಅದಕ್ಕೆ ಸ್ವಲ್ಪ ಕಾರಣವೂ ಇದೆ. ಪ್ಲೇಟುಗಳು ಆಗಲೇ ಸವೆದು ಬಾಕ್ಸ್ ಜಾರುತ್ತಿದ್ದರೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಹೊಸ ಆಯಿಲ್ ಅದನ್ನು ಬದುಕಿಸಲಾರದು. ಬದಲಿಸಿದ ವಾರಕ್ಕೆ ಗಾಡಿ ನಿಂತರೆ ತಪ್ಪೆಲ್ಲ ಹೊಸ ಆಯಿಲಿನ ಮೇಲೆ ಬರುತ್ತದೆ. ಅಂಥ ಗಾಡಿಯನ್ನು ಮೊದಲು ಪರೀಕ್ಷೆ ಮಾಡಿಸಿ. ಗೇರ್ ಸರಿಯಾಗಿ ಬೀಳುತ್ತಿರುವ ಗಾಡಿ ಒಂದು ಲಕ್ಷ ಕಿಲೋಮೀಟರ್ ದಾಟಿದ್ದರೂ ಹೆದರಬೇಕಿಲ್ಲ.

ಇಳಿಸಿದ ಆಯಿಲನ್ನು ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಿರಲಿ ಎಂದು ಬಳಿಯುವುದು, ಬೇಲಿಗೆ ಸುರಿಯುವುದು ನಮ್ಮಲ್ಲಿ ನಡೆದುಬಂದಿದೆ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರುತ್ತದೆ, ಮರುಶುದ್ಧೀಕರಣಕ್ಕೆ ಪರವಾನಗಿ ಇದ್ದವರಿಗೇ ಸೇರಬೇಕು. ತುಂಗಭದ್ರಾ ಕಾಲುವೆಯ ನೀರನ್ನೇ ಹೊಲಕ್ಕೂ ಹಂಡೆಗೂ ತಂದುಕೊಳ್ಳುವ ಊರು ನಮ್ಮವು. ಚರಂಡಿಗೆ ಬಿಟ್ಟದ್ದು ದೂರ ಹೋಗುವುದಿಲ್ಲ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೇದನ್ನು ತುಂಬಿ, ಬಿಗಿಯಾಗಿ ಮುಚ್ಚಿ, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಅದರಲ್ಲಿ ಕೂಲಂಟ್, ಪೆಟ್ರೋಲ್, ನೀರು ಬೆರೆಸಬೇಡಿ; ಬೆರೆತದ್ದನ್ನು ಮತ್ತೆ ಶುದ್ಧ ಮಾಡುವುದು ಕಷ್ಟ, ಕೊಂಡೊಯ್ಯುವವರೂ ಬೇಡ ಎನ್ನುತ್ತಾರೆ.